ಹುಲ್ಲು ಎಣಿಸಲು ಹೋದ ಮೂರು ದಿನ

ಕಂಪ್ಲಿಯಿಂದ ಬೆಳಗಿನ ಆರೂವರೆ ಬಸ್ಸು ಹತ್ತಿದೆ. ಹೊಸಪೇಟೆಗೆ ಹದಿನೈದು ರೂಪಾಯಿ ಟಿಕೆಟ್, ಒಂದು ಗಂಟೆಯ ದಾರಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲ್ಲು, ಮನೆಯಾಕೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಪರಿಚಯದ ಕಂಡಕ್ಟರ್ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಹುಲ್ಲು ಎಣಿಸಲು ಎಂದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಚಿಲ್ಲರೆ ಕೊಟ್ಟು ಮುಂದಿನ ಸೀಟಿಗೆ ಹೋದ.

ಅವನ ತಪ್ಪೇನಿಲ್ಲ. ನಮ್ಮದು ಅಕ್ಕಿ ಗಿರಣಿ. ಹುಲ್ಲು ಎಂದರೆ ನಮಗೆ ಭತ್ತದ ಹುಲ್ಲು, ಬಣವೆ, ಅಷ್ಟೇ. ಆದರೆ ನನ್ನ ಅಕ್ಕನ ಮಗಳು ಸುಜಾತ ಹೊಸಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಎರಡು ವರ್ಷದಿಂದ, ದೀಪಾವಳಿ ಮುಗಿದ ಮೇಲೆ, ಸಂಡೂರು ತಾಲ್ಲೂಕಿನ ಒಂದು ಹಳ್ಳಿಯ ಗೋಮಾಳಕ್ಕೆ ಹೋಗಿ ಅಲ್ಲಿನ ಹುಲ್ಲನ್ನು ಎಣಿಸಿ ಬರುತ್ತಾಳೆ. ಜೊತೆಗೆ ಬರಬೇಕಿದ್ದ ಗೆಳತಿಗೆ ಈ ಸಲ ಜ್ವರ. "ಮಾಮ, ನಾ ಹೇಳಿದ್ದು ಬರ್ಕಂಡ್ರ ಸಾಕು, ಬರ್ರಿ" ಎಂದು ಫೋನು ಮಾಡಿದ್ದಳು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ವಗ್ಗಾಣಿ, ಮಿರ್ಚಿ ತಿಂದು ಇಬ್ಬರೂ ಆಟೋದಲ್ಲಿ ಕಡ್ಡಿರಾಂಪುರಕ್ಕೆ ಹೋದೆವು. ಅಲ್ಲಿನ ಬಡಿಗನಿಗೆ ಸುಜಾತ ಒಂದು ಮರದ ಚೌಕಟ್ಟು ಹೇಳಿದ್ದಳು, ಉದ್ದ ಅಗಲ ಒಂದೊಂದು ಮೀಟರು. ಅದನ್ನು ನೆಲದ ಮೇಲಿಟ್ಟು ಒಳಗೆ ಬಂದಷ್ಟನ್ನು ಮಾತ್ರ ಎಣಿಸುವುದು ಅವರ ಪದ್ಧತಿ. ಹಂಪಿಗೆ ಬರುವವರಿಗೆ ಸಾಮಾನು ಮಾಡಿ ರೂಢಿಯಾದ ಬಡಿಗ ನಾಲ್ಕು ಮೂಲೆಗೂ ಕಮಲದ ಹೂ ಕೆತ್ತಿ, ಮೇಲೆ ಗೋಡೆಗೆ ನೇತುಹಾಕಲು ಕೊಂಡಿಯನ್ನೂ ಹೊಡೆದಿದ್ದ. ಯಾವ ದೇವರ ಫೋಟೋಕ್ಕೆ ಎಂದು ಕೇಳಿದವನಿಗೆ ಸುಜಾತ ಕೈ ಮುಗಿದಳು. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ವಿದೇಶಿ ದಂಪತಿ ಆ ಚೌಕಟ್ಟಿನೊಳಗೆ ಮುಖ ತೂರಿಸಿ ಫೋಟೋ ತೆಗೆಸಿಕೊಂಡರು. ಚಹಾದ ಜೊತೆಗೆ ನಮಗೂ ಒಂದಿಷ್ಟು ಮರ್ಯಾದೆ ಸಿಕ್ಕಿತು.

ಆ ದಿನ ಊರಾಚೆಯ ಟಿ.ಬಿ. ಡ್ಯಾಂ ಕಾಲೊನಿಯಲ್ಲಿ ಸುಜಾತಳ ಕ್ವಾರ್ಟರ್ಸಿನಲ್ಲೇ ಇದ್ದೆ. ಅವಳ ಗಂಡ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಊಟಕ್ಕೆ ಕೂತಾಗ ಅವಳು ವಿಷಯ ಬಿಡಿಸಿ ಹೇಳಿದಳು. ಆ ಗೋಮಾಳದಲ್ಲಿ ಅದಿರು ರಾಶಿ ಹಾಕಲು ಒಬ್ಬ ವ್ಯಾಪಾರಿ ಅರ್ಜಿ ಕೊಟ್ಟಿದ್ದಾನೆ. ಅಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ, ಪಾಳುಭೂಮಿ ಎಂದು ಬರೆದಿದ್ದಾನೆ. ನಾಡಿದ್ದು ತಾಲ್ಲೂಕು ಕಚೇರಿಯಿಂದ ಸ್ಥಳ ನೋಡಲು ಬರುತ್ತಾರೆ. ಎರಡು ವರ್ಷ ಎಣಿಸಿದ ಅದೇ ಜಾಗಗಳಲ್ಲಿ ಈ ವರ್ಷವೂ ಎಣಿಸಿ ತೋರಿಸಿದರೆ ಪರಿಶೀಲಿಸುತ್ತೇವೆ ಎಂದಿದ್ದಾರೆ. ಜಾಗ ಒಂದು ಗೇಣು ಆಚೀಚೆ ಆದರೂ, ಹುಲ್ಲು ಚೆನ್ನಾಗಿದ್ದ ಕಡೆ ಕೂತು ಎಣಿಸಿದ್ದೀರಿ ಎಂದುಬಿಡುತ್ತಾರೆ. ಅದಕ್ಕೇ ಹನ್ನೆರಡು ಜಾಗಗಳಲ್ಲಿ ನಂಬರು ಬರೆದ ಕಲ್ಲು ನೆಟ್ಟಿದ್ದೇನೆ ಎಂದಳು.

ಮರುದಿನ ಸಂಡೂರಿನ ಮೊದಲ ಬಸ್ಸು. ಚೌಕಟ್ಟಿಗೂ ಅರ್ಧ ಟಿಕೆಟ್ ಹರಿದರು. ಘಾಟಿಯಲ್ಲಿ ಅದಿರಿನ ಲಾರಿಗಳು ಇರುವೆ ಸಾಲಿನಂತೆ ನಿಂತಿದ್ದವು. ಮೂವತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ನಾನು ಬಿಳಿ ಅಂಗಿ ತೊಟ್ಟು ಬಂದವನು ಇಳಿಯುವಾಗ ಅದಿರಿನ ಧೂಳು ಹಿಡಿದು ಕಾವಿ ತೊಟ್ಟವನಾಗಿದ್ದೆ. ಅಲ್ಲಿಂದ ಟೆಂಪೋ ಹಿಡಿದು, ವಡ್ಡು ಎಂಬ ಊರು ದಾಟಿ, ಒಳದಾರಿಯಲ್ಲಿ ಮೂರು ಕಿಲೋಮೀಟರು ನಡೆದೆವು. ಹಳ್ಳಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ, ಅಲ್ಲಿ ಜಾಗ ಇದೆಯಂತೆ ಎಂದು ಇನ್ನೊಬ್ಬ ವ್ಯಾಪಾರಿ ಹೊರಟಾನು.

ಏರು ಹತ್ತಿದರೆ ಗೋಮಾಳ. ಕಾಯಿಪಲ್ಯದ ತೋಟವಲ್ಲ, ಕಾಡೂ ಅಲ್ಲ. ಮೊಣಕಾಲೆತ್ತರದ ಹೊಂಬಣ್ಣದ ಹುಲ್ಲು ಗಾಳಿಗೆ ಒಂದೇ ಕಡೆ ಮಲಗಿ, ಮತ್ತೆ ಏಳುತ್ತಿತ್ತು. ಕಾಲ ಬುಡದಿಂದ ಗೌಜಲಕ್ಕಿಯೊಂದು ಸದ್ದು ಮಾಡಿ ಹಾರಿ ನನ್ನನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿತು. ಐವತ್ತೆಂಟು ವರ್ಷ ಈ ಜಿಲ್ಲೆಯಲ್ಲೇ ಇದ್ದು ಇಂಥದೊಂದನ್ನು ನೋಡಿರಲಿಲ್ಲವಲ್ಲ ಎಂದುಕೊಂಡು ನಿಂತುಬಿಟ್ಟೆ.

ಸುಜಾತ ಮಾತ್ರ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದಳು. ಕಲ್ಲುಗಳಿಲ್ಲ. ಹನ್ನೆರಡರಲ್ಲಿ ಒಂದೂ ಇಲ್ಲ. ಅವಳು ಹುಲ್ಲಿನ ಮೇಲೆ ಹಾಗೇ ಕುಸಿದು ಕೂತಳು.

ದಿಬ್ಬದ ಮರೆಯಲ್ಲಿ ಹೊಗೆ ಕಂಡು ಹೋದೆವು. ಕುರಿ ಹಟ್ಟಿಯ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬಳು ಚಹಾ ಕಾಸುತ್ತಿದ್ದಳು. ಹೆಸರು ಹುಲಿಗೆವ್ವ. ಒಲೆಯ ಮೂರು ಗುಂಡುಗಳ ಮೇಲೆ ಮಸಿ ಹತ್ತಿದ್ದರೂ ಅಂಕಿ ಕಾಣುತ್ತಿತ್ತು. ಮೂರು, ಏಳು ಮತ್ತು ಹನ್ನೊಂದನೇ ನಂಬರುಗಳ ಮೇಲೆ ಚಹಾ ಕುದಿಯುತ್ತಿತ್ತು. ಉಳಿದವು ಹಟ್ಟಿಯ ಬೇಲಿಗೆ ಒತ್ತುಗಲ್ಲಾಗಿದ್ದವು.

ಕೇಳಿದರೆ ಮುದುಕಿ ಮುಚ್ಚಿಡಲಿಲ್ಲ. "ಹೂಂ, ನಾನ ಕಿತ್ತೀನಿ. ನಂಬರ್ ಬರ್ದ ಕಲ್ಲು ನೆಟ್ರಂದ್ರ ಆರ್ ತಿಂಗ್ಳಾಗ ಜೆಸಿಬಿ ಬರ್ತೈತಿ. ಈ ವರ್ಷ ಬಾಜು ಊರಾಗ ಹಂಗ ಆತು. ಈ ಹುಲ್ಲು ಉಳೀಲಿ ಅಂತ ಕಿತ್ತೀನಿ. ಪೊಲೀಸ್ರನ್ನ ಕರಸ್ತೀಯೇನು, ಕರ್ಸು."

ಸುಜಾತ ಅಳುವುದೋ ನಗುವುದೋ ತಿಳಿಯದೆ ನನ್ನನ್ನು ನೋಡಿದಳು. "ಅವ್ವಾ, ನಾನೂ ಅದಕ್ಕ ನೆಟ್ಟಿದ್ದೆ" ಎಂದಳು.

ಹಿಂದಿನ ಎರಡೂ ವರ್ಷ ಸುಜಾತ ಬಂದಾಗ ಹುಲಿಗೆವ್ವ ಇಲ್ಲಿರಲಿಲ್ಲ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಮಂದೆ ತರುಬಲು ನಮ್ಮ ಕಂಪ್ಲಿ ಕಡೆಗೇ ಹೋಗಿದ್ದಳಂತೆ. ಈ ಸಲ ಕಾಲುವೆಗೆ ನೀರು ತಡವಾಗಿ ಬಿಟ್ಟು ಕೊಯ್ಲೂ ತಡವಾದ್ದರಿಂದ ಇನ್ನೂ ಹೊರಟಿರಲಿಲ್ಲ. ವಿಷಯವನ್ನೆಲ್ಲ, ನನ್ನ ಗಿರಣಿಯ ಸಂಗತಿಯನ್ನೂ ಕೇಳಿ ತಿಳಿದು, ನಮಗೆ ಆಡಿನ ಹಾಲಿನ ಚಹಾ ಬಗ್ಗಿಸಿ ಕೊಟ್ಟು, ಒಲೆ ಆರಿಸಿದಳು. "ಕಿತ್ತಾಕಿಗೆ ನೆಡಾಕ ಬರಂಗಿಲ್ಲೇನು? ಸಾವ್ಕಾರ್ರ, ಎದ್ದು ಕಲ್ಲು ಹೊರ್ರಿ. ಅಕ್ಕಿ ಚೀಲಕ್ಕಿಂತ ಹಗರು ಅದಾವ."

ಅವಳು ಮುಂದೆ, ಕಲ್ಲು ಹೊತ್ತ ನಾನು ಹಿಂದೆ. ಕರಿ ಕುರಿ ಅವಳಿ ಈದ ಜಾಗದಿಂದ ಮೂಡಲಿಗೆ ನಾಲ್ಕು ಮಾರು, ಬಾದೆ ಹುಲ್ಲಿನ ದೊಡ್ಡ ಪೊದೆಯ ಪಡುವಲಿಗೆ ಎರಡು ಹೆಜ್ಜೆ, ಹೀಗೆ ಅವಳ ಲೆಕ್ಕ. ನನಗೆ ನಂಬಿಕೆ ಬರಲಿಲ್ಲ. ಸುಜಾತ ಹಾರೆಯಿಂದ ಒಂದು ಗೇಣು ಅಗೆದಳು. ಮಣ್ಣಿನ ಕೆಳಗಿನಿಂದ ಕರ್ರಗೆ ಇದ್ದಿಲು ಬಂತು. ಕಲ್ಲು ನೆಡುವಾಗ ಸುಜಾತಳೇ ಹಾಕಿದ್ದು. ಅವಳ ಅಪ್ಪನ ಅಪ್ಪ ಸರ್ವೆಯವರ ಸರಪಳಿ ಹಿಡಿಯುತ್ತಿದ್ದವನು. ಗಡಿಗಲ್ಲಿನ ಕೆಳಗೆ ಒಂದು ಬೊಗಸೆ ಇದ್ದಿಲು ಹಾಕಬೇಕು, ಕಲ್ಲು ಹೋದರೂ ಅದು ಕೊಳೆಯದೆ ಸಾಕ್ಷಿ ಹೇಳುತ್ತದೆ ಎಂದು ಕಲಿಸಿದ್ದನಂತೆ. ಎರಡನೆಯದಕ್ಕೂ ಇದ್ದಿಲು, ಮೂರನೆಯದಕ್ಕೂ. ಪ್ರತಿ ಸಲ ಕಪ್ಪು ಕಂಡಾಗ ಮೂವರೂ ಮದುವೆ ಮನೆಯವರಂತೆ ನಗುತ್ತಿದ್ದೆವು.

ಹನ್ನೆರಡನೆಯ ಕಲ್ಲಿನ ಹತ್ತಿರ ಎಷ್ಟು ಅಗೆದರೂ ಇದ್ದಿಲು ಇಲ್ಲ. ಮರೆತಿರಬೇಕು ಅವ್ವ ಎಂದು ಸುಜಾತ ಮೆಲ್ಲಗೆ ಹೇಳಿದಳು. ಹುಲಿಗೆವ್ವ ನಿಂತ ಜಾಗ ಬಿಟ್ಟು ಕದಲಲಿಲ್ಲ. "ನಾ ಮರ್ತಿಲ್ಲ. ನೀ ಏನ್ ಮರ್ತೀಯೋ ನೋಡ್ಕ." ನಾನು ಸುಜಾತಳ ಚೀಲದಿಂದ ಮೊದಲ ವರ್ಷದ ನೋಟುಬುಕ್ಕು ತೆಗೆದು ತಿರುವಿದೆ. ಹನ್ನೆರಡರ ಮುಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಇದ್ದಿಲು ಮುಗಿಯಿತು. ಗಟ್ಟಿಯಾಗಿ ಓದಿದೆ. ಹುಲಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಬೆಳಕಿರುವ ತನಕ ಎಣಿಸಿ, ಹಳ್ಳಿಯ ಶಾಲೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಮುಗಿಸಿದೆವು. ಕಮಲದ ಚೌಕಟ್ಟಿನೊಳಗೆ ಗರಿಕೆ, ಕರಡ, ಪಂಚೆಗೆ ಚುಚ್ಚಿಕೊಳ್ಳುವ ಮುಳ್ಳುಕಾಳಿನ ಹುಲ್ಲು. ಸುಜಾತ ಇಂಗ್ಲಿಷ್ ಪುಸ್ತಕದ ಹೆಸರು ಹೇಳಿದರೆ, ಅದನ್ನು ಕುರಿ ಯಾವ ತಿಂಗಳಲ್ಲಿ ಮುಟ್ಟುತ್ತದೆ, ಯಾವಾಗ ಮುಟ್ಟುವುದಿಲ್ಲ ಎಂದು ಹುಲಿಗೆವ್ವ ಹೇಳುತ್ತಿದ್ದಳು. ನಾನು ಎರಡನ್ನೂ ಬರೆದುಕೊಂಡೆ. ಮಧ್ಯಾಹ್ನ ಅವಳ ಸಜ್ಜೆ ರೊಟ್ಟಿ, ನನ್ನ ಹೋಳಿಗೆ.

ಮೂರು ಗಂಟೆಗೆ ಅಧಿಕಾರಿಯ ಜೀಪು ಬಂತು, ಹಿಂದೆಯೇ ವ್ಯಾಪಾರಿಯ ಕಡೆಯವನು. ಊರಿನ ಇಪ್ಪತ್ತು ಮಂದಿ ಸೇರಿದರು. ಕಲ್ಲಿನ ಮಸಿ ನೋಡಿ ವ್ಯಾಪಾರಿಯ ಕಡೆಯವನು, ಇವು ನಿನ್ನೆ ಮೊನ್ನೆ ನೆಟ್ಟವು ಎಂದ. ನಿನ್ನೆಯೇ ನೆಟ್ಟದ್ದು ಎಂದು ಸುಜಾತ ಒಪ್ಪಿಕೊಂಡು, ನಡೆದದ್ದನ್ನೆಲ್ಲ ಹೇಳಿ, ಹಳೆಯ ನೋಟುಬುಕ್ಕು ಕೊಟ್ಟು, ನಿಮಗೆ ಬೇಕಾದ ಕಲ್ಲು ಕೀಳಿಸಿ ನೋಡಿ ಎಂದಳು. ಅಧಿಕಾರಿ ಐದನೆಯದನ್ನು ತೋರಿಸಿದರು. ಕೆಳಗೆ ಇದ್ದಿಲು. ಅದರ ಮೈಗೆ ಹೋದ ವರ್ಷದ ಬೇರುಗಳು ಸುತ್ತಿಕೊಂಡಿದ್ದವು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದರು. ಆಮೇಲೆ ಪ್ಯಾಂಟು ಮೇಲೆತ್ತಿಕೊಂಡು ತಾವೇ ಚೌಕಟ್ಟಿನ ಮುಂದೆ ಕೂತು ಎಣಿಸಿದರು. ಎರಡು ಸಲ ಲೆಕ್ಕ ತಪ್ಪಿದಾಗ ಹುಲಿಗೆವ್ವ ತಿದ್ದಿದಳು.

ವರದಿ ಬರೆದು ಎಲ್ಲರಿಗೂ ಓದಿ ಹೇಳಿದರು: ಇದು ಪಾಳುಭೂಮಿ ಅಲ್ಲ, ಹುಲ್ಲುಗಾವಲು; ಅದಿರು ಹಾಕಲು ತಕ್ಕದ್ದಲ್ಲ. ಊರವರು ಚಪ್ಪಾಳೆ ತಟ್ಟಿದರು. ಸಾಕ್ಷಿಗೆ ಸಹಿ ಕೇಳಿದಾಗ ಹುಲಿಗೆವ್ವ ಮಾತ್ರ ಹೆಬ್ಬೆಟ್ಟು ಒತ್ತದೆ ಕೈ ಹಿಂದಕ್ಕಿಟ್ಟುಕೊಂಡಳು.

"ಕುರಿ ಬರೀರಿ ಸಾಹೇಬ್ರ. ಬರೇ ಹುಲ್ಲು ಅಂತ ಬರದ್ರ, ನಾಳಿ ಹುಲ್ಲು ಉಳಸ್ತೀವಿ ಅಂತ ಬೇಲಿ ಹಾಕಿ ನಮ್ನ ಹೊರಗ ಇಡ್ತೀರಿ. ಈ ಹುಡುಗೀನೂ ಹಂಗ ಮಾಡಾಕಿನ."

ಸುಜಾತ ಮುಖ ಕೆಂಪಗೆ ಮಾಡಿಕೊಂಡಳು. ಬೇಲಿಯ ಮಾತು ಅವಳ ತಲೆಯಲ್ಲಿ ಇದ್ದದ್ದು ನಿಜ; ಟಿ.ಬಿ. ಡ್ಯಾಂನಲ್ಲಿ ನನಗೆ ಹೇಳಿದ್ದಳು. ಅಧಿಕಾರಿಯತ್ತ ತಿರುಗಿ, ಬರೀರಿ ಸರ್ ಎಂದಳು. ಊರಿನ ಕುರಿಗಳು ಹಿಂದಿನಿಂದಲೂ ಇಲ್ಲಿ ಮೇಯುತ್ತಿವೆ, ಮುಂದೆಯೂ ಮೇಯತಕ್ಕದ್ದು ಎಂದು ಅಧಿಕಾರಿ ಸೇರಿಸಿದರು. ಆ ಸಾಲನ್ನು ಎರಡು ಸಲ ಓದಿಸಿಕೊಂಡ ಮೇಲೆಯೇ ಹುಲಿಗೆವ್ವ ಹೆಬ್ಬೆಟ್ಟು ಒತ್ತಿದ್ದು.

ಐದು ಗಂಟೆಯ ಟೆಂಪೋಕ್ಕೆ ಹೊರಟೆವು. ಇಳಿಜಾರಿನಲ್ಲಿ ತಿರುಗಿ ನೋಡಿದೆ. ಹುಲಿಗೆವ್ವ ಹಟ್ಟಿಯ ಬಾಗಿಲು ತೆಗೆದಿದ್ದಳು. ಇಳಿಬಿಸಿಲಿನಲ್ಲಿ ಕುರಿಗಳು ಗೋಮಾಳದ ತುಂಬ ಹರಡಿಕೊಂಡು, ಒಂದನೇ ನಂಬರಿನ ಕಲ್ಲಿನ ಹತ್ತಿರ ತಲೆ ತಗ್ಗಿಸಿ, ನಾವು ಎರಡು ದಿನ ಬೆನ್ನು ಬಗ್ಗಿಸಿ ಎಣಿಸಿದ್ದನ್ನು ಸಮಾಧಾನವಾಗಿ ತಿನ್ನುತ್ತಿದ್ದವು.