ಒಂದು ಮುಷ್ಟಿ ಗೋಧಿ ಹಿಟ್ಟು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಎಸ್‌ಟಿ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ತಾಸು. ಆ ದಾರಿಯಲ್ಲಿ ಎಲ್ಲಿ ಇಳಿದರೆ ಶೌಚಾಲಯ ಸಿಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅಕ್ಕಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೊಟ್ಟೆಯ ಈ ತೊಂದರೆ ನಾನು ಎಂ.ಎಸ್ಸಿ. ಓದುವಾಗಲೇ ಶುರುವಾದದ್ದು. ಉಬ್ಬರ, ನುಲಿತ, ಉಂಡ ಅರ್ಧ ತಾಸಿಗೆ ಎದ್ದು ಓಡುವುದು. ಹೊರಗೆ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅದಕ್ಕೆ ಒಂದೊಂದು ಸಲ ಒಂದೊಂದು ಹೆಸರು: ಪಿತ್ತ, ಉಷ್ಣ, ಪರೀಕ್ಷೆಯ ಹೆದರಿಕೆ.

ಕೊನೆಗೆ ರಕ್ತ ಪರೀಕ್ಷೆ ಮಾಡಿ, ನಳಿಕೆ ಇಳಿಸಿ ಕರುಳು ನೋಡಿದ ಡಾಕ್ಟರು, ನನ್ನ ದೇಹಕ್ಕೆ ಗೋಧಿಯಲ್ಲಿರುವ ಗ್ಲುಟೆನ್ ಆಗುವುದಿಲ್ಲ ಎಂದರು. ಕಡಿಮೆ ಮಾಡಿದರೆ ಸಾಲದು, ಪೂರ್ತಿ ಬಿಡಬೇಕು, ಚಿಟಿಕೆಯಷ್ಟೂ ಬೇಡ ಎಂದು ಅವ್ವನ ಎದುರಿಗೇ ಹೇಳಿದರು.

ನಮ್ಮದು ಬಟ್ಟೆ ವ್ಯಾಪಾರದ ಮನೆ. ಎರಡು ಹೊತ್ತೂ ಚಪಾತಿ. ಅವ್ವ ಸೊಲ್ಲಾಪುರದ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಅವಳ ಕೈಗೆ ಲಟ್ಟಣಿಗೆ ಗೊತ್ತು, ರೊಟ್ಟಿ ಬಡಿಯುವುದು ಗೊತ್ತಿಲ್ಲ. ಆದರೂ ನನಗಾಗಿ ಜೋಳದ ಹಿಟ್ಟಿಗೆ ಕೈ ಹಾಕಿದಳು. ಮೊದಲ ರೊಟ್ಟಿಗಳು ಹಂಚಿಗೆ ಹೋಗುವ ಮೊದಲೇ ಒಡೆದವು.

"ಇದೇನ ರೊಟ್ಟಿನೋ, ಮಹಾರಾಷ್ಟ್ರದ ನಕಾಶೆನೋ?" ಎಂದು ಅಪ್ಪ ನಕ್ಕರು.

"ನಕಾಶೆ ಆದ್ರ ಆಗಲಿ. ನಿಮಗ ಚಪಾತಿ ಅವ, ಸುಮ್ನ ಉಣ್ರಿ," ಎಂದಳು ಅವ್ವ.

ಆ ಒಡಕು ರೊಟ್ಟಿ ತಿಂದ ಮೂರು ವಾರಕ್ಕೆ ನನ್ನ ಹೊಟ್ಟೆ ಮೊದಲ ಬಾರಿಗೆ ಸುಮ್ಮನಾಯಿತು. ಇಷ್ಟು ಹಗುರ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಕೂತು ನಿದ್ದೆ ಮಾಡಿದೆ.

ಆಮೇಲೆ ಅವ್ವನ ಕೈ ಕುದುರಿತು. ರೊಟ್ಟಿ ದುಂಡಗೆ, ಮೆತ್ತಗೆ ಬರತೊಡಗಿದವು. ಅಪ್ಪ ಹೊಗಳಿದರು, ಓಣಿಯವರು ಹೊಗಳಿದರು. ನನಗೆ ನೋವು ಮರಳಿ ಬಂತು.

ನಾನು ಒಂದು ವಹಿಯಲ್ಲಿ ತಿಂದದ್ದನ್ನೆಲ್ಲ ಬರೆದಿಟ್ಟೆ. ಗೋಧಿ ಬೆರೆತಿರಬಹುದೆಂದು ಇಂಗು ಬಿಟ್ಟೆ. ಗಿರಣಿಯಲ್ಲಿ ಗೋಧಿಯ ಹಿಂದೆ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆಂದು ಮನೆಗೇ ಸಣ್ಣ ಬೀಸುವ ಯಂತ್ರ ತಂದೆ. ಹಾಲು ಬಿಟ್ಟೆ, ಬೇಳೆ ಬಿಟ್ಟೆ. ವಿದ್ಯಾರ್ಥಿಗಳಿಗೆ ಹೇಳಿಕೊಡುವಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದೆ. ರೊಟ್ಟಿಯನ್ನು ಮಾತ್ರ ಬದಲಿಸಲಿಲ್ಲ. ಅದೊಂದೇ ನನಗೆ ಖಾತ್ರಿಯಿದ್ದ ಊಟ. ಐದು ತಿಂಗಳು ಹೀಗೆ ಕಳೆಯಿತು.

"ನೀ ಭಾಳ ವಿಚಾರ ಮಾಡ್ತಿ," ಎಂದಳು ಅವ್ವ. "ಹೊಟ್ಟಿ ಅಲ್ಲ, ತಲಿ ಕೆಟ್ಟದ ನಿಂದು."

ಅದನ್ನೂ ಸ್ವಲ್ಪ ನಂಬಿದ್ದೆ.

ಕಾಲೇಜಿನ ಎದುರಿನ ಖಾನಾವಳಿಯಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಾಳೆ, ದಿನಾ ಕರಜಗಿ ಹಳ್ಳಿಯಿಂದ ಬಸ್ಸಿಗೆ ಬರುವವಳು. ಒಂದು ಮಧ್ಯಾಹ್ನ ಮೊಸರು ಕೊಂಡು ಅಲ್ಲೇ ಡಬ್ಬಿ ತೆರೆದೆ. ಅವಳು ಒಲೆಯ ಮುಂದಿನಿಂದಲೇ ಕಣ್ಣು ಹಾಯಿಸಿದಳು.

"ಯಾರ ಮಾಡ್ಯಾರ್ರಿ ಮೇಡಂ, ಈ ರೊಟ್ಟಿ?"

"ನಮ್ಮವ್ವ."

ಕೈಚಾಚಿ ಒಂದು ತುಂಡು ತೆಗೆದುಕೊಂಡು ಮಡಚಿದಳು. ಬಿಟ್ಟಳು. ಮತ್ತೆ ಮಡಚಿದಳು. "ಮುಂಜಾನಿ ರೊಟ್ಟಿ ಈ ಹೊತ್ತಿಗೆ ಹಿಂಗ ಬಳಕತದೇನ್ರಿ? ಇದಕ್ಕ ಗೋಧಿ ಹಾಕ್ಯಾರ."

"ಇಲ್ಲ. ನಾ ಗೋಧಿ ತಿನ್ನಂಗಿಲ್ಲ."

"ನೀವು ತಿನ್ನಂಗಿಲ್ಲ ಖರೇ. ರೊಟ್ಟಿಗಿ ಯಾರ ಹೇಳ್ಯಾರ?" ಎಂದು ನಕ್ಕಳು. "ಬಡ್ಯಾಕ ಬರಲಾರದವ್ರು ಹಿಟ್ಟಿಗಿ ಜಿಗಿ ಬರಲಿ, ರೊಟ್ಟಿ ಒಡೀಬಾರದು ಅಂತ ಒಂದ ಮುಷ್ಟಿ ಹಾಕತಾರ್ರಿ. ಪ್ಯಾಟಿ ಮಂದಿದು ಇದೇ ಹಣೇಬಾರ."

ಸಂಜೆ ಮನೆಗೆ ಹೋದಾಗ ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ರೊಟ್ಟಿ ಹಿಟ್ಟಿನಾಗ ಗೋಧಿ ಹಾಕ್ತಿಯೇನ?"

"ಒಂದ ಮುಷ್ಟಿ," ಎಂದಳು, ಉಪ್ಪಿನ ಅಳತೆ ಹೇಳುವಷ್ಟು ಸಹಜವಾಗಿ.

"ಚಿಟಿಕಿನೂ ಬ್ಯಾಡ ಅಂದಿದ್ರಲ್ಲ ಡಾಕ್ಟರು?"

"ಚಪಾತಿ ಬ್ಯಾಡ ಅಂದಾರ ಅಂತ ತಿಳಕೊಂಡೆ. ಹಿಟ್ಟ ಜ್ವಾಳದ್ದೇ ಅದ ಅಲ್ಲ! ನಾಲ್ಕ ಮಂದಿ ಎದುರ ಡಬ್ಬಿ ತೆಗೀತಿ. ಒಡಕ ರೊಟ್ಟಿ ಕಟ್ಟಲೇನ? ಈಕಿ ಅವ್ವಗ ರೊಟ್ಟಿನೂ ಬರಂಗಿಲ್ಲ ಅಂತ ನಗಲೇನ ಅವರು? ನಾ ಏನ ವಿಷ ಹಾಕೀನೇನ?"

"ಹೂಂ. ನನಗ ಅದು ವಿಷನೇ!"

ನಾನು ಕೂಗುವವಳಲ್ಲ. ಅಂದು ಕೂಗಿದೆ. ಅಪ್ಪ ಪತ್ರಿಕೆ ಮಡಚಿಟ್ಟು ಒಳಗೆ ಹೋದರು. ಅವ್ವ ಸೊಪ್ಪು ಸೋಸುತ್ತಲೇ ಇದ್ದಳು. ಎಲೆಗಳ ಜೊತೆ ಕಡ್ಡಿಗಳೂ ಬುಟ್ಟಿಗೆ ಬೀಳುತ್ತಿದ್ದವು.

"ಹಂಗಾದ್ರ ನಿಂದು ನೀನ ಮಾಡ್ಕೋ," ಎಂದಳು ಕೊನೆಗೆ.

ಮರುದಿನ ಬೆಳಿಗ್ಗೆ ನಾನೇ ಕೂತೆ. ಮೂರು ರೊಟ್ಟಿ ಬಡಿದೆ, ಮೂರೂ ಕೈಯಲ್ಲೇ ಹರಿದವು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಸರಿ ಆ ಕಡಿ. ಹಿಟ್ಟ ಯಾಕ ಹಾಳ ಮಾಡ್ತಿ?" ಕುದಿಯುವ ನೀರು ಹೊಯ್ದು ನಾದಿದಳು, ಬೇರೇನೂ ಹಾಕಲಿಲ್ಲ. ಅವಳದೂ ನಾಲ್ಕು ತುಂಡಾಯಿತು. ತುಂಡುಗಳನ್ನೇ ಬೇಯಿಸಿ ಡಬ್ಬಿಗೆ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿಯೇ ಬಿಟ್ಟರು: "ಏನ್ರೀ ಇದು, ರೊಟ್ಟಿ ಮ್ಯಾಲ ಬಸ್ ಹೋತೇನ?"

"ನನಗ ಗೋಧಿ ನಡ್ಯಂಗಿಲ್ರಿ, ಹೊಟ್ಟಿ ಕೆಡ್ತದ," ಎಂದೆ. "ನಮ್ಮವ್ವ ಬರೇ ಜ್ವಾಳದಾಗ ಮಾಡ್ಯಾಳ. ಅದು ಒಡೀತದ."

ಹೊರಗಿನವರಿಗೆ ಹೊಟ್ಟೆಯ ವಿಷಯ ಹೇಳಿದ್ದು ಅದೇ ಮೊದಲು. ಅವರು ಶೇಂಗಾ ಚಟ್ನಿ ಮುಂದೆ ಸರಿಸಿದರು, ಅಷ್ಟೇ.

ಕೆಲವು ವಾರಗಳಲ್ಲಿ ಹೊಟ್ಟೆ ಮತ್ತೆ ಸುಮ್ಮನಾಯಿತು. ಸಿಟ್ಟು ಮಾತ್ರ ಸುಮ್ಮನಾಗಲಿಲ್ಲ. ಐದು ತಿಂಗಳ ಆ ವಹಿ ಇನ್ನೂ ಕಪಾಟಿನಲ್ಲಿದೆ. ಅದರ ಪ್ರತಿ ಪುಟದಲ್ಲೂ 'ರೊಟ್ಟಿ – ಎರಡು' ಎಂದಿದೆ. ಅವ್ವ ಇಂದಿಗೂ ತಪ್ಪಾಯಿತು ಎಂದಿಲ್ಲ. ಡಬ್ಬಿ ಮುಚ್ಚುವ ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ದುಂಡಗೆ ಇಡುತ್ತಾಳೆ. ಅಕ್ಕಲಕೋಟೆ ತಲುಪುವಷ್ಟರಲ್ಲಿ ಬಸ್ಸಿನ ಕುಲುಕಿಗೆ ಅವು ಚದುರಿರುತ್ತವೆ. ನಾನು ಮೊದಲ ತುಂಡನ್ನು ಮಡಚಿ ನೋಡುತ್ತೇನೆ. ಮುರಿದರೆ ತಿನ್ನುತ್ತೇನೆ.