ಪೂಜೆಗಿಟ್ಟ ಬ್ಯಾಟರಿ

ನಮ್ಮ ಚಿಕ್ಕಮ್ಮನಿಗೆ ಎಲ್ಲದರಲ್ಲೂ ಅಪಾಯ ಕಾಣುತ್ತದೆ. ಕುಕ್ಕರ್, ಗೀಸರ್, ಲಿಫ್ಟು, ಕೊನೆಗೆ ನನ್ನ ಗಂಡ ತಂದ ಎಲೆಕ್ಟ್ರಿಕ್ ಸ್ಕೂಟರು. ಅದರ ಬ್ಯಾಟರಿಯನ್ನು ಕಳಚಿ ಮನೆಯೊಳಗೇ ಚಾರ್ಜ್ ಮಾಡಬಹುದು ಎನ್ನುವುದು ನಮಗೆ ದೊಡ್ಡ ಸಂಭ್ರಮವಾಗಿತ್ತು. ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಅಂಥ ಗಾಡಿಗಳು ಬೇಕಾದಷ್ಟಿದ್ದವು. ಎಲ್ಲರೂ ಟೀವಿ ಪಕ್ಕದಲ್ಲೋ ಮಂಚದ ಬುಡದಲ್ಲೋ ಚಾರ್ಜಿಗೆ ಹಾಕುವವರೇ.

"ಅಪಾಯ ಇದ್ದಿದ್ರೆ ಕಂಪನಿಯವ್ರು ಮಾರ್ತಿದ್ರಾ ಚಿಕ್ಕಮ್ಮ?" ಎಂದು ನನ್ನ ಗಂಡ ನಗುತ್ತಿದ್ದರು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಡದ ಮನುಷ್ಯ, ಮನೆಯಲ್ಲಿ ಹೀಗೆ.

"ಹೊಸಾದು ಏನ್ ಮಾಡುತ್ತೆ ಅಂತ ಯಾರಿಗ್ ಗೊತ್ತು ಅಳಿಯಂದ್ರೇ? ಅಕ್ಕ ಎದ್ದು ಓಡೋಕಾಗಲ್ಲ. ಆಚೆ ಇಟ್ಬುಡಿ," ಎನ್ನುವುದು ಅವಳ ಒಂದೇ ರಾಗ. ಅಕ್ಕ ಅಂದರೆ ನನ್ನ ಅಮ್ಮ. ಸೊಂಟದ ಮೂಳೆ ಮುರಿದು ಒಳಕೋಣೆಯಲ್ಲಿ ಮಲಗಿದ್ದಳು. ಆ ಕೋಣೆಗಿದ್ದದ್ದು ಒಂದೇ ಬಾಗಿಲು, ಅದೂ ಹಾಲಿನೊಳಕ್ಕೆ. ಚಿಕ್ಕಮ್ಮನ ಕಾಟ ತಾಳಲಾರದೆ ಅಂಗಳದ ಗೋಡೆಗೆ ಒಂದು ಪ್ಲಗ್ ಹಾಕಿಸಿದೆವು.

ಆಯುಧಪೂಜೆ ಬಂತು. ಮಲಗಿದಲ್ಲಿಂದಲೇ ಅಮ್ಮನಿಗೂ ಕಾಣಲಿ ಎಂದು ಅವಳ ಬಾಗಿಲ ಪಕ್ಕದಲ್ಲೇ ಮಣೆ ಹಾಕಿ, ಸ್ಪ್ಯಾನರು, ಕತ್ತರಿ, ಈಳಿಗೆಮಣೆಗಳ ಜೊತೆ ಬ್ಯಾಟರಿಯನ್ನೂ ಕೂರಿಸಿದೆವು. ನೀರು ಚಿಮುಕಿಸಿ ವಿಭೂತಿ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ್ದಾಯಿತು. ಬಾಗಿಲಲ್ಲಿ ಬೂದುಗುಂಬಳ ಒಡೆದದ್ದೂ ಆಯಿತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಕದಲಿಸಬಾರದು. ಆದರೆ ಬೆಳಗ್ಗೆ ಸ್ಕೂಟರ್ ಬೇಕಲ್ಲ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನನ್ನ ಗಂಡ ಬ್ಯಾಟರಿ ಕೂತಲ್ಲೇ ಚಾರ್ಜರ್ ಸಿಕ್ಕಿಸಿದರು.

ಒಬ್ಬಟ್ಟು ತಟ್ಟುತ್ತಿದ್ದ ಚಿಕ್ಕಮ್ಮ ಕೈ ಒರೆಸಿಕೊಂಡು ಬಂದಳು. ಸ್ವಿಚ್ ಆರಿಸಿ, ವಯರ್ ಕಿತ್ತು, ಹಾರದ ಸಮೇತ ಬ್ಯಾಟರಿಯನ್ನು ಎತ್ತಿಕೊಂಡಳು.

"ಪೂಜೆ ಆಗಿದೆ ಚಿಕ್ಕಮ್ಮ, ಕದಲಿಸಬಾರ್ದು!" ಎಂದು ಕೂಗಿದೆ.

"ಶಿವನ ಹತ್ರ ನಾನ್ ಮಾತಾಡ್ಕೋತೀನಿ, ನೀನ್ ಸುಮ್ನಿರು," ಎಂದು ಅಂಗಳದ ಪ್ಲಗ್ಗಿಗೆ ಹಾಕಿ ಬಂದಳು.

ಊಟಕ್ಕೆ ಕೂತಿದ್ದಾಗ ಆಚೆ ಬುಸ್ ಎಂದು ಸದ್ದಾಯಿತು. ಬಿಳಿ ಹೊಗೆ, ಹಿಂದೆಯೇ ಆಳೆತ್ತರದ ಬೆಂಕಿ. ಅಗ್ನಿಶಾಮಕದವರು ಬರುವಷ್ಟರಲ್ಲಿ ಮಲ್ಲಿಗೆ ಬಳ್ಳಿ ಬೂದಿಯಾಗಿತ್ತು, ಗೋಡೆ ಮಸಿಯಾಗಿತ್ತು. ಅಮ್ಮ ಮಾತ್ರ ಮಂಚದ ಮೇಲೆ ಒಬ್ಬಟ್ಟು ತಿನ್ನುತ್ತಾ, "ಏನೇ ಅದು ಗಲಾಟೆ?" ಎಂದು ಕೇಳುತ್ತಿದ್ದಳು.

ನೀರು ತಗುಲಿತ್ತೋ, ಒಳಗೇ ದೋಷವಿತ್ತೋ, ಇವತ್ತಿಗೂ ಗೊತ್ತಿಲ್ಲ. ನೋಡಲು ಬಂದ ಬೀದಿಯವರೆಲ್ಲ ಕೇಳಿದ್ದು ಒಂದೇ, "ಯಾವ ಕಂಪನೀದು?" ಹೇಳಿದೆವು. "ಸದ್ಯ, ನಮ್ದು ಬೇರೆ ಕಣ್ರೀ," ಎಂದು ನಿರಾಳವಾಗಿ ಹೊರಟರು. ಅವರ ಬ್ಯಾಟರಿಗಳು ಈಗಲೂ ಟೀವಿ ಪಕ್ಕದಲ್ಲೇ ಇವೆ. ನೆನೆದರೆ ಮೈ ಉರಿಯುತ್ತದೆ.

ಅಮ್ಮ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. "ನನ್ ಮಲ್ಲಿಗೆ ಸುಟ್ಬುಟ್ಯಲ್ಲೇ," ಎಂದು ತಂಗಿಯನ್ನು ರೇಗಿಸುತ್ತಾಳೆ. ಆ ದನಿ ಮನೆಯಲ್ಲಿ ಇನ್ನೂ ಇದೆಯಲ್ಲ ಎಂದು ನನ್ನ ಕಣ್ಣು ತುಂಬುತ್ತದೆ.

ಮರುವರ್ಷದ ಆಯುಧಪೂಜೆಯಲ್ಲಿ ಎಲ್ಲಕ್ಕೂ ವಿಭೂತಿ ಇಟ್ಟ ಮೇಲೆ ನನ್ನ ಗಂಡ ಆರತಿ ತಟ್ಟೆ ಹಿಡಿದು ಚಿಕ್ಕಮ್ಮನ ಮುಂದೆ ಹೋಗಿ ನಿಂತರು.

"ಕೈ ಚಾಚಿ ಚಿಕ್ಕಮ್ಮ. ನಮ್ಮನೆ ಕಾದ ಆಯುಧ ಈ ಕೈ."

ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಮೊದ್ಲು ಆ ಕರ್ಪೂರ ದೂರ ಇಡಿ ಅಳಿಯಂದ್ರೇ, ಸೀರೆ ಸಿಂಥೆಟಿಕ್ಕು."