ಸಂದರ್ಶನಕ್ಕೆ ಹೊರಟವನನ್ನು ಎಲ್ಲಿಗೆ ಎನ್ನಬಾರದು

ಹೊಸಿಲು ದಾಟಿ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬುದು ನಮ್ಮ ನಂಜನಗೂಡಿನ ಕಡೆಯ ಅಲಿಖಿತ ಶಾಸನ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಕೇಳದೆ ಬಿಟ್ಟರೆ ಕುತೂಹಲದಿಂದ ನೋಡುತ್ತಾ ನಿಂತವರ ಹೊಟ್ಟೆ ಕೆಡುತ್ತದೆ. ಈ ಎರಡು ಅನಾಹುತಗಳ ನಡುವೆ ಹಿರಿಯರು ಕಂಡುಕೊಂಡ ಮಧ್ಯಮಮಾರ್ಗವೇ ‘ದೂರ ಹೊರಟ್ರಾ?’ ಎಂಬ ಪ್ರಶ್ನೆ. ಅದಕ್ಕೆ ನಿಗದಿಯಾದ ಉತ್ತರವೂ ಒಂದುಂಟು: ‘ಇಲ್ಲೇ, ಸ್ವಲ್ಪ ಕೆಲಸ.’ ಕಾಶಿಗೆ ಹೊರಟವರೂ ಇಲ್ಲೇ, ಕಾಫಿಪುಡಿಗೆ ಹೊರಟವರೂ ಇಲ್ಲೇ. ನೀವು ಎಂದಾದರೂ ಬೆಳಗಿನ ಹೊತ್ತು ನಮ್ಮ ಬಸ್ ನಿಲ್ದಾಣದಲ್ಲಿ ನಿಂತು ಕಿವಿಗೊಟ್ಟರೆ, ಊರಿಗೆ ಊರೇ ಚೀಲ ಹಿಡಿದು ಹೊರಟಿದ್ದರೂ ಯಾರೊಬ್ಬರೂ ಎಲ್ಲಿಗೂ ಹೋಗುತ್ತಿಲ್ಲವೆಂಬ ಸತ್ಯ ಗೋಚರವಾಗುತ್ತದೆ.

ಈ ಶಾಸನವನ್ನು ಅತ್ಯಂತ ನಿಷ್ಠೆಯಿಂದ ಪಾಲಿಸುತ್ತಿದ್ದವರೆಂದರೆ ತೊಂಬತ್ತರ ದಶಕದ ನಿರುದ್ಯೋಗಿ ಪದವೀಧರರು, ಅರ್ಥಾತ್ ನಾವು. ಸಂದರ್ಶನಕ್ಕೆ ಹೋಗುವುದನ್ನು ಕಳ್ಳಬಟ್ಟಿ ಸಾಗಿಸುವಷ್ಟು ಗುಟ್ಟಾಗಿ ನಡೆಸುತ್ತಿದ್ದೆವು. ಹೇಳಿಬಿಟ್ಟರೆ ಕಣ್ಣು ಬೀಳುತ್ತದೆಂಬುದು ಅಮ್ಮಂದಿರ ವಾದ; ಕೆಲಸ ಸಿಗದೆ ಹಿಂದಿರುಗಿದಾಗ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ‘ಏನಾಯ್ತು?’ ಎಂಬ ಅನುಕಂಪವನ್ನು ಸ್ವೀಕರಿಸುತ್ತಾ ನಡೆಯಬೇಕಲ್ಲ ಎಂಬುದು ನಮ್ಮ ಭಯ. ನಾನಂತೂ ಸಂದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹಳೆಯ ಸ್ವೆಟರ್ ಹಾಕಿಕೊಂಡು, ಬೇಸಿಗೆಯಲ್ಲೂ ಬೆವರುತ್ತಾ, ಹಿಂದಿನ ಓಣಿಯಿಂದ ಬಸ್ ನಿಲ್ದಾಣ ಸೇರುತ್ತಿದ್ದೆ.

ನನ್ನ ಹೆಸರು ಶ್ರೀಕಂಠ. ಅಪ್ಪ ಅಮ್ಮ ಊರದೇವರ ಹೆಸರನ್ನು ಭಕ್ತಿಯಿಂದ ಇಟ್ಟರೇನೋ ಸರಿ, ಸಂದರ್ಶನದ ಕೋಣೆಯೊಳಗೆ ಕಾಲಿಟ್ಟೊಡನೆ ನನಗೆ ಶ್ರೀಯೂ ಇರುತ್ತಿರಲಿಲ್ಲ, ಕಂಠವೂ ಇರುತ್ತಿರಲಿಲ್ಲ. ಒಮ್ಮೆ ಹೆಸರೇನೆಂದು ಕೇಳಿದ್ದಕ್ಕೆ ಅಪ್ಪನ ಹೆಸರು ಹೇಳಿದ್ದೇನೆ. ಇನ್ನೊಮ್ಮೆ ಅಧಿಕಾರಿಗಳು ಪ್ರಶ್ನೆಗೆಂದು ಬಾಯಿ ತೆರೆಯುವ ಮೊದಲೇ ‘ಗೊತ್ತಿಲ್ಲ ಸರ್’ ಎಂದು ವಿನಯಪೂರ್ವಕವಾಗಿ ನಿವೇದಿಸಿಕೊಂಡಿದ್ದೇನೆ. ವಾಚನಾಲಯದಲ್ಲಿ ಸಿಕ್ಕ ಒಂದು ಪುಸ್ತಕ, ಆತ್ಮವಿಶ್ವಾಸ ಬೆಳೆಯಬೇಕಾದರೆ ದಿನವೂ ನಿಲುವುಗನ್ನಡಿಯ ಮುಂದೆ ನಿಂತು ತನ್ನ ಸಮಗ್ರ ವ್ಯಕ್ತಿತ್ವವನ್ನು ದಿಟ್ಟಿಸಿ ನೋಡಬೇಕೆಂದು ಬೋಧಿಸಿತು. ನಮ್ಮ ಮನೆಯಲ್ಲಿದ್ದದ್ದು ಬಚ್ಚಲಮನೆಯ ಗೋಡೆಗೆ ಮೊಳೆ ಹೊಡೆದು ಅಪ್ಪನ ಕ್ಷೌರದ ಅನುಕೂಲಕ್ಕೆಂದು ನೇತುಹಾಕಿದ ಅಂಗೈಯಗಲದ ಕನ್ನಡಿ. ಅದರಲ್ಲಿ ನನ್ನ ಸಮಗ್ರ ವ್ಯಕ್ತಿತ್ವ ಮೂಗಿನಿಂದ ಆರಂಭವಾಗಿ ಮೀಸೆಯಲ್ಲಿ ಮುಗಿಯುತ್ತಿತ್ತು. ಆ ಮೂಗಿನೊಡನೆ ನಾನು ಇಂಗ್ಲಿಷಿನಲ್ಲಿ ಸಂಭಾಷಿಸುವುದನ್ನು ಬಾಗಿಲ ಮರೆಯಿಂದ ಕೇಳಿದ ಅಮ್ಮ ಅವತ್ತು ಸಂಜೆಯೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಈ ದುರವಸ್ಥೆಯಲ್ಲಿ ನನಗೆ ಜೊತೆಯಾದವನು ಮಾದೇವ. ಮಹದೇವಸ್ವಾಮಿ ಎಂದು ಪೂರ್ತಿ ಹೆಸರು. ಪಕ್ಕದ ಕಳಲೆಯವನು, ಬೇಸಾಯದ ಮನೆಯ ಹುಡುಗ, ಬಿ.ಎಡ್. ಓದುವಾಗ ನನ್ನ ಸಹಪಾಠಿ. ಸಂಜೆಯಾಯಿತೆಂದರೆ ಸೈಕಲ್ ತುಳಿದುಕೊಂಡು ಬರುವನು. ಕಪಿಲೆಯ ದಡದ ಹದಿನಾರು ಕಾಲು ಮಂಟಪದಲ್ಲಿ ಕೂತು, ಒಂದು ದಿನ ನಾನು ಅಧಿಕಾರಿ ಅವನು ಅಭ್ಯರ್ಥಿ, ಮರುದಿನ ಅವನು ಅಧಿಕಾರಿ ನಾನು ಅಭ್ಯರ್ಥಿ, ಹೀಗೆ ಸಂದರ್ಶನದ ತಾಲೀಮು ನಡೆಸುತ್ತಿದ್ದೆವು. ಪ್ರಶ್ನೆ ಕೇಳುವಾಗ ನನ್ನ ದನಿ ಎಲ್ಲಿಂದ ಬರುತ್ತಿತ್ತೋ ಕಾಣೆ, ನದಿಯ ಆಚೆ ದಡಕ್ಕೂ ಕೇಳಿಸುವಷ್ಟು ಗಡುಸಾಗಿ ಬರುತ್ತಿತ್ತು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಒಮ್ಮೆ ತಡೆಯಲಾರದೆ, “ಪಾಪ, ಆ ಐದನ್ನ ಯಾಕಪ್ಪ ಇಂಗೆ ಗೋಳುಯ್ಕತಿದ್ದೀಯೆ? ಅಂತಾದ್ದು ಏನ್ ಮಾಡ್ದ ಅವ್ನು?” ಎಂದು ಮಾದೇವನ ಪರವಾಗಿ ಮಧ್ಯಸ್ಥಿಕೆಗೆ ಬಂದಳು. ಅಷ್ಟೆಲ್ಲ ಗದರಿದರೂ ಮಾದೇವ ತಡವರಿಸದೆ ಉತ್ತರ ಹೇಳುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ನಗುತ್ತಾ ಒಪ್ಪಿಕೊಳ್ಳುವ, ಗೊತ್ತಿದ್ದದ್ದನ್ನು ಕಥೆಯಂತೆ ಬಿಡಿಸಿ ಹೇಳುವ ಅವನ ರೀತಿ ನನಗೆ ಬಹಳ ಇಷ್ಟವಾಗುತ್ತಿತ್ತು. ಅದನ್ನು ಅವನಿಗೆ ಆಗ ಹೇಳಬೇಕೆಂದು ನನಗೆ ತೋರಲಿಲ್ಲ.

ಹೀಗಿರುವಾಗ ಟಿ. ನರಸೀಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರ ಹುದ್ದೆ ಖಾಲಿಯಿದೆಯೆಂಬ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಕಂಡಿತು. ಹುದ್ದೆ ಒಂದೇ. ನಮ್ಮಿಬ್ಬರದೂ ಒಂದೇ ವಿಷಯ. ನಾನು ಶಾಸನಕ್ಕೆ ತಲೆಬಾಗಿ ಮಾದೇವನ ಮುಂದೆ ತುಟಿ ಬಿಚ್ಚಲಿಲ್ಲ. ಅವನೂ ಅದೇ ಶಾಸನದ ಪ್ರಜೆಯೆಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಸಂದರ್ಶನದ ಹಿಂದಿನ ಸಂಜೆ ಮಂಟಪದಲ್ಲಿ ಅವನು ನನ್ನನ್ನು ತಿರುಮಕೂಡಲಿನ ಸಂಗಮದ ಮಹತ್ವವೇನೆಂದು ಕೇಳಿದ. ನಾನು ಅವನನ್ನು ತಲಕಾಡಿನ ಗಂಗರ ಬಗ್ಗೆ ಕೇಳಿದೆ. ಅವನು ಸೋಸಲೆಗೆ ಬಂದ, ನಾನು ಸೋಮನಾಥಪುರಕ್ಕೆ ಹೋದೆ. ಲೋಕದ ಭೂಪಟದಲ್ಲಿ ನರಸೀಪುರ ತಾಲ್ಲೂಕೊಂದನ್ನು ಬಿಟ್ಟು ಬೇರೇನೂ ಇಲ್ಲವೆಂಬಂತೆ ಕತ್ತಲಾಗುವವರೆಗೂ ಪ್ರಶ್ನೋತ್ತರ ನಡೆಸಿ, ಪರಸ್ಪರ ಯಾವ ಅನುಮಾನವೂ ಇಲ್ಲದೆ ಮನೆಗೆ ಹೋದೆವು. ಇಂಥ ಬುದ್ಧಿವಂತರಿಬ್ಬರು ಶಿಕ್ಷಕ ವೃತ್ತಿಗೆ ಹಾತೊರೆಯುತ್ತಿದ್ದರೆಂಬುದನ್ನು ನೀವು ಗಮನಿಸಬೇಕು.

ಮರುದಿನ ನಾನು ಯಾರ ಕಣ್ಣಿಗೂ ಬೀಳಬಾರದೆಂದು ಮೈಸೂರಿಗೆ ಹೋಗಿ, ಅಲ್ಲಿಂದ ನರಸೀಪುರದ ಬಸ್ಸು ಹಿಡಿದು, ಸ್ವೆಟರನ್ನು ಕಳಚಿ ಚೀಲಕ್ಕೆ ತುರುಕಿ ಶಾಲೆಯ ಜಗುಲಿ ಹತ್ತಿದರೆ, ಬೆಂಚಿನ ಮೇಲೆ ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬಿಳಿ ಅಂಗಿ, ಮಡಿಲಲ್ಲಿ ಸರ್ಟಿಫಿಕೇಟುಗಳ ಫೈಲು ಸಮೇತ ಮಾದೇವ ಕೂತಿದ್ದಾನೆ. ಅವನೇ ಮೊದಲಾಗಿ, “ಇಲ್ಲೇ ಒಸಿ ಕೆಲ್ಸ ಇತ್ತು ಕಣೋ,” ಎಂದ. ನನಗೂ ಇಲ್ಲೇ ಸ್ವಲ್ಪ ಕೆಲಸವಿದೆಯೆಂದು ನಾನೂ ಹೇಳಿದೆ. ಇಬ್ಬರೂ ನಕ್ಕೆವು. ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಆ ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ನಾನು ಲೆಕ್ಕ ಹಾಕತೊಡಗಿದೆ. ಉಳಿದ ಅಭ್ಯರ್ಥಿಗಳ ಯೋಗ್ಯತೆ ನನಗೆ ತಿಳಿಯದು, ಮಾದೇವನದು ತಿಳಿದಿತ್ತು. ವರ್ಷದುದ್ದಕ್ಕೂ ಅವನ ಪರೀಕ್ಷಕನಾಗಿದ್ದವನು ನಾನೇ ತಾನೇ? ಆ ಕೋಣೆಯಲ್ಲಿ ಏನು ಕೇಳಿದರೂ ಅವನು ಏನು ಹೇಳುತ್ತಾನೆ, ಕೇಳಿದವರು ಹೇಗೆ ತಲೆದೂಗುತ್ತಾರೆ ಎಂಬುದೆಲ್ಲ ನನ್ನ ಕಣ್ಣಿಗೆ ಕಟ್ಟಿತು. ಅವನ ನಂತರ ನಾನು ಒಳಗೆ ಹೋಗಿ ಅಪ್ಪನ ಹೆಸರು ಹೇಳಿ ಬರಬೇಕು. ಅಪರಿಚಿತರ ಮುಂದೆ ಸೋತು ಸೋತು ನನಗೆ ಅಭ್ಯಾಸವಾಗಿತ್ತು. ಗೆಳೆಯನ ಎದುರಿಗೆ, ಒಂದೇ ಬೆಂಚಿನಿಂದ ಎದ್ದು ಹೋಗಿ ಸೋಲುವುದು ಅಭ್ಯಾಸವಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೇಳಿ ಎದ್ದವನು ನಲ್ಲಿಯನ್ನು ದಾಟಿ, ಗೇಟನ್ನು ದಾಟಿ, ನೇರವಾಗಿ ಬಸ್ ನಿಲ್ದಾಣಕ್ಕೆ ಬಂದುಬಿಟ್ಟೆ. ಆಮೇಲೆ ತಿಳಿಯಿತು, ಜವಾನ ನನ್ನ ಹೆಸರು ಕೂಗಿದಾಗ ಮಾದೇವ, “ಈಗ ಬತ್ತರೆ ಸಾ, ಇಲ್ಲೇ ಅವ್ರೆ,” ಎಂದು ಹೇಳಿ ನನ್ನನ್ನು ಹುಡುಕಿಕೊಂಡು ರಸ್ತೆಯವರೆಗೆ ಓಡಿ ಬಂದಿದ್ದನಂತೆ.

ಕೆಲಸ ಅವನಿಗೇ ಆಯಿತು. ಮುಂದಿನ ವಾರ ಅವನು ತನ್ನ ತಾಯಿಯನ್ನು ಕರೆದುಕೊಂಡು, ತೆಂಗಿನಕಾಯಿ ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದ. ಆಕೆ ನನ್ನ ಅಮ್ಮನ ಕೈ ಹಿಡಿದು, “ನಿಮ್ಮ ಮಗ ನಮ್ಮೈದನ್ಗೆ ಕೆಲ್ಸ ಬುಟ್ಕೊಟ್ಟು ಎದ್ದು ಬಂದ್ರು ಕಣವ್ವ. ಇಂತ ಮಗನ್ನ ಎತ್ತ ಒಟ್ಟೆ ತಣ್ಣಗಿರ್ಲಿ,” ಎಂದು ಅತ್ತರು. ಅಮ್ಮ ನನ್ನ ಕಡೆ ತಿರುಗಿ ನೋಡಿದರು. ಸಂದರ್ಶನದಿಂದ ಸಂದರ್ಶನಕ್ಕೆ ನನ್ನನ್ನು ಮರುಕದಿಂದ ನೋಡಿದ ಕಣ್ಣುಗಳು ಅಂದು ಹೆಮ್ಮೆಯಿಂದ ನೋಡಿದವು. ಇಲ್ಲ, ನಾನು ಹೆದರಿ ಓಡಿಬಂದೆ ಎಂಬ ಮಾತು ಗಂಟಲಿನವರೆಗೂ ಬಂದಿತ್ತು. ನನ್ನ ಗಂಟಲಿನ ಕಥೆ ನಿಮಗೆ ಗೊತ್ತೇ ಇದೆ.

ತ್ಯಾಗಮೂರ್ತಿಯೆಂಬ ಬಿರುದು ಸುಲಭಕ್ಕೆ ಸಿಕ್ಕಿತೆಂದು ನಾನು ಒಳಗೊಳಗೇ ನಕ್ಕದ್ದೂ ಉಂಟು. ಸಂದರ್ಶನದ ಗೊಡವೆಯೇ ಇಲ್ಲದ, ಬರೀ ಬರೆದು ಪಾಸಾಗುವ ಪರೀಕ್ಷೆಯೊಂದನ್ನು ಹುಡುಕಿ ಬರೆದು ಗುಮಾಸ್ತನಾದೆ. ನನ್ನ ದೊಡ್ಡಗುಣದ ಖ್ಯಾತಿ ಕೇಳಿದ ನೆರೆಹೊರೆಯವರು, ಸಂದರ್ಶನಕ್ಕೆ ಹೋಗುವ ತಮ್ಮ ಮಕ್ಕಳನ್ನು ಆತ್ಮವಿಶ್ವಾಸ ತುಂಬಿಸಿಕೊಂಡು ಬರಲು ನನ್ನ ಬಳಿಗೆ ಕಳಿಸತೊಡಗಿದರು, ಗಿರಣಿಗೆ ರಾಗಿ ಕಳಿಸಿದಂತೆ. ಬೆನ್ನು ನೆಟ್ಟಗಿರಲಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಮಧ್ಯದಲ್ಲಿ ಎದ್ದು ಬರಬೇಡಿ ಎಂದು ನಾನೂ ನಾಚಿಕೆಯಿಲ್ಲದೆ ಬೋಧಿಸಿದೆ. ನನ್ನ ಪಲಾಯನದಿಂದ ನಷ್ಟವಾದದ್ದು ನನಗೊಬ್ಬನಿಗೆ, ಅದಕ್ಕೆ ಪರಿಹಾರವಾಗಿ ಒಂದಿಷ್ಟು ಗೌರವ ಬಂತು, ಅಲ್ಲಿಗೆ ಸರಿಹೋಯಿತೆಂದುಕೊಂಡು ವರ್ಷಗಳನ್ನು ಕಳೆದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ ಒಂದು ಸೋಮವಾರ ಮಾದೇವನ ಹೆಂಡತಿ ಮಂಜುಳ ದೇವಸ್ಥಾನಕ್ಕೆಂದು ಬಂದವಳು ನಮ್ಮ ಮನೆಗೂ ಬಂದಳು. ಅವರ ಶಾಲೆಯ ಮುಖ್ಯೋಪಾಧ್ಯಾಯರು ನಿವೃತ್ತರಾಗುತ್ತಿದ್ದರು. ಇರುವ ಶಿಕ್ಷಕರೂ ಅರ್ಜಿ ಹಾಕಬಹುದು, ಸಂದರ್ಶನಕ್ಕೆ ಮಾತ್ರ ಕೂರಬೇಕೆಂದು ಆಡಳಿತ ಮಂಡಳಿ ತಿಳಿಸಿತ್ತು. ಎಲ್ಲರೂ ಮಾದೇವನೇ ಆಗಬೇಕೆನ್ನುತ್ತಿದ್ದರು. ಮಾದೇವ ಒಪ್ಪುತ್ತಿರಲಿಲ್ಲ. “ನೀವಾರ ಒಂದ್ ಮಾತ್ ಏಳಿ ಅಣ್ಣ,” ಎಂದಳು. “ನಾ ಏಳುದ್ರೆ, ಈ ಕೆಲ್ಸಾನೇ ಶ್ರೀಕಂಠಂದು, ಅವ್ನು ಕೂತಿದ್ರೆ ನಂಗೆಲ್ಲಿ ಸಿಕ್ತಿತ್ತು, ಇನ್ನೊಬ್ರು ಬುಟ್ಟಿದ್ದನ್ನ ತಿಂದ್ಕಂಡು ಅದ್ರ ಮ್ಯಾಲೆ ಇನ್ನೊಂದ್ಕೆ ಕೈ ಚಾಚ್ಬೇಕಾ ಅಂತರೆ.” ಅವನು ಸಭೆಯಲ್ಲಿ ಬಾಯಿ ಬಿಡುವುದಿಲ್ಲವೆಂದೂ, ತಾನೇ ಸಿದ್ಧಪಡಿಸಿದ ಕಾರ್ಯಕ್ರಮದಲ್ಲಿ ಮೈಕನ್ನು ಬೇರೆಯವರ ಕೈಗೆ ಕೊಟ್ಟು ಹಿಂದೆ ನಿಲ್ಲುತ್ತಾನೆಂದೂ ಹೇಳಿದಳು.

ಮಂಟಪದಲ್ಲಿ ನನ್ನ ಗದರಿಕೆಗೆಲ್ಲ ಎದೆಯೊಡ್ಡಿ ನಗುನಗುತ್ತಾ ಉತ್ತರ ಹೇಳುತ್ತಿದ್ದವನು ಅವನು. ಅವನ ಕೆಲಸವನ್ನು ಅವನೇ ಗೆದ್ದಿದ್ದ. ಗೆದ್ದೆನೆಂಬ ನಂಬಿಕೆಯನ್ನು ಮಾತ್ರ ನಾನು ಬಸ್ಸು ಹತ್ತುವಾಗ ಜೊತೆಗೆ ಒಯ್ದುಬಿಟ್ಟಿದ್ದೆ, ನನಗಾದರೂ ಅದರಿಂದ ಉಪಯೋಗವಾಗಲಿಲ್ಲ. ಆ ಹಿಂದಿನ ಸಂಜೆ ಇಬ್ಬರಲ್ಲಿ ಒಬ್ಬನಾದರೂ ಶಾಸನ ಮುರಿದು, ನಾಳೆ ಎಲ್ಲಿಗೋ ಹೊರಟಿರುವುದು ಎಂದು ಕೇಳಿದ್ದರೆ ಜಗಳವಾಡಿಯಾದರೂ ಜೊತೆಯಲ್ಲೇ ಹೋಗಿರುತ್ತಿದ್ದೆವು. ನಾನು ಒಳಗೆ ಹೋಗಿ ಸೋತಿರುತ್ತಿದ್ದೆ. ನನ್ನ ಸೋಲಿನಷ್ಟು ಅವನಿಗೆ ಉಪಕಾರವಾಗುವಂಥದ್ದು ಬೇರೆ ಯಾವುದೂ ಇರಲಿಲ್ಲ.

ಮರುದಿನವೇ ರಜೆ ಹಾಕಿ ನರಸೀಪುರಕ್ಕೆ ಹೋದೆ. ಊಟದ ಬಿಡುವಿನಲ್ಲಿ, ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಮಾದೇವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತ್ಯಾಗವೂ ಅಲ್ಲ, ಮಣ್ಣೂ ಅಲ್ಲ, ನಿನ್ನನ್ನು ನೋಡಿ ಹೆದರಿ ಓಡಿದೆ, ನಾನು ಇದ್ದಿದ್ದರೂ ಆ ಕೆಲಸ ನಿನ್ನದೇ, ಅದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂದೆ. ಅವನು ಬುತ್ತಿಯ ಮುಚ್ಚಳದಲ್ಲಿ ನನಗೂ ಅನ್ನ ಹಾಕಿಕೊಡುತ್ತಾ ಕೇಳಿಸಿಕೊಂಡ. ಅವನ ಕಣ್ಣು ತುಂಬಿತು. ನಂಬಿದನೆಂದುಕೊಂಡೆ.

“ಬುಡು ಬುಡು,” ಎಂದ. “ನಿನ್ನ ನಾನ್ ಕಾಣ್ನಾ? ನಂಗೆ ಧೈರ್ಯ ಬರ್ಲಿ ಅಂತ ನಿನ್ ಮಾನಾನೇ ಕಳ್ಕಳಕ್ಕೆ ಓಯ್ತಿದ್ದೀಯಲ್ಲೋ. ಅಂಜ್ಬುರ್ಕ ಅಂತ ನಿಂಗೆ ನೀನೇ ಬೈಕಂಡ್ರೆ ನಾನ್ ಒಪ್ಪಾಕಾದದಾ?”

ಆಣೆ ಹಾಕಿದೆ. ಅವನು ಇನ್ನಷ್ಟು ಕರಗಿದ. ನಾನು ನನ್ನನ್ನು ಹೀನಾಯವಾಗಿ ಚಿತ್ರಿಸಿಕೊಂಡಷ್ಟೂ ಅವನ ಕಣ್ಣಲ್ಲಿ ಬೆಳೆಯುತ್ತಾ ಹೋದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬೇಡವೆಂದರೂ ಬಿಡದೆ ನನ್ನ ಕೈ ಹಿಡಿದು ತನ್ನ ತರಗತಿಗೆ ಕರೆದೊಯ್ದ. ನಾನು ಯಾರೆಂದು ಅವನು ಹೆಸರು ಹೇಳಿದ್ದೇ ತಡ, ಇಡೀ ತರಗತಿ ಎದ್ದು ನಿಂತು ಕೈ ಮುಗಿಯಿತು. ನನ್ನ ತ್ಯಾಗದ ಕಥೆಯನ್ನು ಪ್ರತಿವರ್ಷದ ಮಕ್ಕಳಿಗೂ ಅವನು ಹೇಳುತ್ತಾ ಬಂದಿದ್ದ. ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿ, “ಸಾ, ಅವತ್ತು ನೀವ್ ಯಾಕ್ ಸಾ ಎದ್ದೋದ್ರಿ?” ಎಂದು ಕೇಳಿದಳು.

ಬೆನ್ನು ನೆಟ್ಟಗಿಟ್ಟುಕೊಂಡೆ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. “ಹೆದರಿಕೆ ಆಯ್ತಮ್ಮ. ನಿಮ್ಮ ಮೇಷ್ಟ್ರು ನನಗಿಂತ ಚೆನ್ನಾಗಿ ಉತ್ತರ ಹೇಳ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಓಡಿಹೋದೆ,” ಎಂದೆ. ಕೊನೆಯ ಬೆಂಚಿಗೂ ಕೇಳಿಸುವಂತೆ, ಎಲ್ಲಿಯೂ ತಡವರಿಸದೆ ಹೇಳಿದೆ. ಪ್ರಶ್ನೆಯೊಂದಕ್ಕೆ ನಾನು ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. “ನೋಡುದ್ರಾ ಮಕ್ಳೇ, ದೊಡ್ಡೋರು ಇಂಗೇ ಮಾತಾಡದು,” ಎಂದು ಮಾದೇವ ಎಲ್ಲರಿಗಿಂತ ಜೋರಾಗಿ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅರ್ಜಿ ಹಾಕಲು ಆ ವಾರವೇ ಕೊನೆಯಾಗಿತ್ತು. ಅವನು ಹಾಕಲಿಲ್ಲ.